ಪಾಳಿಧ್ವಜ: ಗೆದ್ದು ತಂದ ಬಾವುಟದ ಹೆಸರು

ಬಾದಾಮಿ ಚಾಲುಕ್ಯರ ತಾಮ್ರಪಟಗಳನ್ನು ಓದುತ್ತ ಹೋದರೆ ಒಂದು ಸಮಾಸ ಮತ್ತೆ ಮತ್ತೆ ಎದುರಾಗುತ್ತದೆ: ಪಾಳಿಧ್ವಜ. 681ರಿಂದ 696ರವರೆಗೆ ಆಳಿದ ವಿನಯಾದಿತ್ಯನು ‘ಸಕಲೋತ್ತರಾಪಥನಾಥ’ನನ್ನು, ಎಂದರೆ ಉತ್ತರ ನಾಡಿಗೆಲ್ಲ ಒಡೆಯನೆನಿಸಿದವನನ್ನು, ಸದೆಬಡಿದು ಪಾಳಿಧ್ವಜವೇ ಮೊದಲಾದ ಪರಮೈಶ್ವರ್ಯದ ಚಿಹ್ನೆಗಳನ್ನು ಗಳಿಸಿದ. ಹಾಗೆಂದು ಅವನ ಮಗ ವಿಜಯಾದಿತ್ಯ ಬರೆಸಿದ, ಮೊಮ್ಮಗ ಎರಡನೆಯ ವಿಕ್ರಮಾದಿತ್ಯ ಬರೆಸಿದ, ಮರಿಮಗ ಎರಡನೆಯ ಕೀರ್ತಿವರ್ಮನೂ ಬರೆಸಿದ. ಇಲ್ಲಿ ‘ಮೊದಲಾದ’ ಎಂಬ ಮಾತಿಗೆ ತೂಕವಿದೆ. ಗೆದ್ದ ವಸ್ತುಗಳಲ್ಲಿ ಆನೆಗಳಿದ್ದವು, ಮಾಣಿಕ್ಯಗಳಿದ್ದವು, ವಾದ್ಯಗಳಿದ್ದವು. ಆದರೂ ಎಲ್ಲಕ್ಕೂ ಮುಂದೆ ಹೆಸರು ಹೇಳಿಸಿಕೊಂಡದ್ದು ಬಾವುಟ.

ಅದು ಮನೆಗೆ ಬಂದ ಬಗೆಯನ್ನೂ ಶಾಸನಗಳೇ ತಿಳಿಸುತ್ತವೆ. ವಿನಯಾದಿತ್ಯ ಉತ್ತರಕ್ಕೆ ದಂಡೆತ್ತಿ ಹೋದಾಗ ಯುವರಾಜ ವಿಜಯಾದಿತ್ಯ ತಂದೆಗಿಂತ ಮುಂದೆ ನಿಂತು ಕಾದಿದ. ಗಂಗೆ ಯಮುನೆಯರ ಚಿಹ್ನೆ, ಪಾಳಿಧ್ವಜ, ಪಡಢಕ್ಕೆ ಎಂಬ ವಾದ್ಯ, ಮಹಾಶಬ್ದದ ಗೌರವ, ಮಾಣಿಕ್ಯ, ಮದ್ದಾನೆ ಇವೆಲ್ಲವನ್ನೂ ವೈರಿಗಳಿಂದ ಕಿತ್ತು ತಂದೆಗೆ ಒಪ್ಪಿಸಿದ. ಆಮೇಲೆ ನಡೆದದ್ದು ವಿಚಿತ್ರ. ಸೋತು ಓಡುತ್ತಿದ್ದ ಹಗೆಗಳು ಹೇಗೋ ಅವನನ್ನು ಹಿಡಿದು ಎಳೆದೊಯ್ದರು. ಬಾವುಟ ತಂದೆಯ ಕೈ ಸೇರಿತು, ಮಗ ಶತ್ರುವಿನ ಕೈ ಸೇರಿದ. ಅಷ್ಟರಲ್ಲಿ ನಾಡಿನಲ್ಲಿ ಅರಾಜಕತೆ ತಲೆಯೆತ್ತಿತ್ತು. ಯಾರ ನೆರವೂ ಇಲ್ಲದೆ, ಉಜ್ಜಯಿನಿಯ ಸೆರೆಯಿಂದ ಪಾರಾದ ವತ್ಸರಾಜ ಉದಯನನಂತೆ, ಅವನು ತಪ್ಪಿಸಿಕೊಂಡು ಬಂದು ಗದ್ದಲವನ್ನು ಅಡಗಿಸಿದನೆಂದು ಶಾಸನಕವಿ ಹೇಳುತ್ತಾನೆ. ಅರಸನನ್ನು ಹೊಗಳಲೆಂದೇ ಬರೆಯುವ ಪ್ರಶಸ್ತಿಯಲ್ಲಿ ಅದೇ ಅರಸ ಸೆರೆಸಿಕ್ಕ ಸುದ್ದಿ ಬರುವುದು ತೀರ ಅಪರೂಪ. ಹೇಳದೆ ಬಿಡಬಹುದಾಗಿದ್ದ ಸಂಗತಿಯನ್ನು ಹೇಳಿರುವುದರಿಂದಲೇ ನಾನು ಈ ವೃತ್ತಾಂತವನ್ನು ನಂಬುತ್ತೇನೆ. ಪಾಳಿಧ್ವಜವನ್ನು ಗೆದ್ದದ್ದು ಬರಿಯ ಅಲಂಕಾರದ ಮಾತಾಗಿದ್ದರೆ ಅದರ ಬೆನ್ನಿಗೆ ಇಂಥ ಕಹಿ ನೆನಪು ಅಂಟಿಕೊಂಡು ಬರುತ್ತಿರಲಿಲ್ಲ.

ಉತ್ತರಾಪಥದ ಆ ಒಡೆಯನ ಹೆಸರನ್ನು ಶಾಸನ ಹೇಳುವುದಿಲ್ಲ. ಮಗಧದ ಗುಪ್ತರಲ್ಲೊಬ್ಬ ಎಂದು ಕೆಲವರು, ಕನೌಜಿನ ಯಶೋವರ್ಮ ಎಂದು ಕೆಲವರು ವಾದಿಸಿದ್ದಾರೆ. ಆ ವಾದ ಇಲ್ಲಿಗೆ ಬೇಡ. ನಮಗೆ ಮುಖ್ಯವಾದದ್ದು ಆ ಬಾವುಟ ಈ ಮನೆತನಕ್ಕೆ ಏಕೆ ಅಷ್ಟು ದೊಡ್ಡದಾಯಿತು ಎಂಬುದು.

ಅದಕ್ಕೆ ಎರಡು ತಲೆಮಾರು ಹಿಂದೆ ಹೋಗಬೇಕು. ಹರ್ಷನನ್ನು ನರ್ಮದೆಯಲ್ಲಿ ತಡೆದ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ರವಿಕೀರ್ತಿ ಐಹೊಳೆಯ ಮೇಗುಟಿಯಲ್ಲಿ ಕೆತ್ತಿಸಿದ್ದು 634ರಲ್ಲಿ. ಎಂಟೇ ವರ್ಷ ಕಳೆದು, 642ರ ಹೊತ್ತಿಗೆ, ಕಾಂಚಿಯ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ‘ವಾತಾಪಿಕೊಂಡ’ ಎಂಬ ಬಿರುದು ಹೊತ್ತ. ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನವನ್ನೂ ಕೊರೆಯಿಸಿದ. ಅದು ಇಂದಿಗೂ ಅಲ್ಲಿದೆ. ಪುಲಕೇಶಿಯ ಮಗ ಮೊದಲನೆಯ ವಿಕ್ರಮಾದಿತ್ಯ ಸುಮಾರು 13 ವರ್ಷ ಹೋರಾಡಿ ರಾಜಧಾನಿಯನ್ನು ಮರಳಿ ಪಡೆದು 655ರಲ್ಲಿ ಪಟ್ಟವೇರಿದ. ಅವನ ಮಗನೇ ವಿನಯಾದಿತ್ಯ. ಪಲ್ಲವರ ಮೇಲಿನ ಕಾಳಗಗಳಲ್ಲಿ ತಂದೆಯ ಪಕ್ಕದಲ್ಲಿ ನಿಂತವನು. ಹಗೆಯ ಬಾವುಟ ತನ್ನ ಕೋಟೆಯ ಮೇಲೆ ಹಾರಿದ್ದನ್ನು ಕಂಡ ಮನೆತನ ಅದು. ಇಡೀ ಉತ್ತರಕ್ಕೆ ಒಡೆಯನಾದವನ ಬಾವುಟ ಅಂಥ ಮನೆಗೆ ಬಂದದ್ದು ಮೂರು ತಲೆಮಾರು ನೆನೆಸಿಕೊಳ್ಳುವಂಥ ಸಂಗತಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ಮನೆತನದ ಇನ್ನೊಂದು ನಡೆಯನ್ನು ಇಲ್ಲಿ ನೆನೆಯಬೇಕು. ವಿಜಯಾದಿತ್ಯನ ಮಗ ಎರಡನೆಯ ವಿಕ್ರಮಾದಿತ್ಯ ಕಾಂಚಿಯನ್ನು ಗೆದ್ದು ಒಳಹೊಕ್ಕಾಗ ಊರನ್ನು ಹಾಳುಗೆಡವಲಿಲ್ಲ. ಅಲ್ಲಿನ ರಾಜಸಿಂಹೇಶ್ವರ, ಎಂದರೆ ಕೈಲಾಸನಾಥ ದೇವಾಲಯದ ಹೊನ್ನರಾಶಿಯನ್ನು ಕಂಡು ಅದನ್ನು ದೇವರಿಗೇ ಬಿಟ್ಟುಕೊಟ್ಟ. ಆ ಗುಡಿಯ ಕಂಬದ ಮೇಲೆ ಅವನು ಕೆತ್ತಿಸಿದ ಕನ್ನಡ ಶಾಸನ ಇದನ್ನು ಸಾರುತ್ತದೆ. ಅವನ ಮಗ ಕೀರ್ತಿವರ್ಮನ ವಕ್ಕಲೇರಿ ತಾಮ್ರಪಟಗಳು ಇದರ ಜೊತೆಗೆ ಮತ್ತೊಂದನ್ನೂ ಹೇಳುತ್ತವೆ. ಪಲ್ಲವನಿಂದ ‘ಕಟುಮುಖವಾದಿತ್ರ’, ‘ಸಮುದ್ರಘೋಷ’ ಎಂಬ ಹೆಸರಿನ ವಾದ್ಯಗಳನ್ನೂ ‘ಖಟ್ವಾಂಗಧ್ವಜ’ವನ್ನೂ ಹೆಸರಾಂತ ಆನೆಗಳನ್ನೂ ವಿಕ್ರಮಾದಿತ್ಯ ಕಿತ್ತುಕೊಂಡ. ಹೊನ್ನನ್ನು ಮರಳಿಸಿದ, ಬಾವುಟವನ್ನು ಮರಳಿಸಲಿಲ್ಲ. ದೇವರ ಹೊನ್ನು ಹಗೆಯದಲ್ಲ, ಬಾವುಟ ಹಗೆಯದೇ. ಮುತ್ತಜ್ಜನ ತಂದೆಯ ಊರನ್ನು ಹಿಡಿದವರ ಖಟ್ವಾಂಗದ ಬಾವುಟವನ್ನು ಹೊತ್ತು ಅವನು ಕಾಂಚಿಯಿಂದ ಹಿಂದಿರುಗಿದ್ದನ್ನು ನೆನೆದರೆ, ಆ ಕಾಲದ ರಾಜನೀತಿಯಲ್ಲಿ ಬಟ್ಟೆಯ ತುಂಡಿಗೆ ಇದ್ದ ಬೆಲೆ ಅರಿವಾಗುತ್ತದೆ.

ಇನ್ನು ಪದಕ್ಕೆ ಬರೋಣ. ‘ಧ್ವಜ’ ಎಲ್ಲರಿಗೂ ಗೊತ್ತು. ‘ಪಾಳಿ’ ಎಂದರೇನು?

ಮೊದಲು ಯಾವುದು ಅಲ್ಲ ಎನ್ನುವುದನ್ನು ಹೇಳಿಬಿಡುತ್ತೇನೆ. ದಂಡು ಬೀಡುಬಿಡುವ ‘ಪಾಳೆಯ’ಕ್ಕೂ ಇದಕ್ಕೂ ನಂಟಿಲ್ಲ. ‘ಪಾಳುಬಿದ್ದ’ ಎನ್ನುವಾಗಿನ ಪಾಳು ಹಳಗನ್ನಡದಲ್ಲಿ ೞಕಾರದ್ದು, ‘ಪಾೞ್’. ಏಳು ಎಂಟನೆಯ ಶತಮಾನದ ಕನ್ನಡ ಬರೆಹಗಾರರು ಳ, ೞ ಎರಡನ್ನೂ ಬೆರೆಸುತ್ತಿರಲಿಲ್ಲ. ‘ಪಾಲಿಸು’ ಎಂಬ ಕ್ರಿಯೆಯನ್ನು ತಂದು ‘ಕಾಪಾಡುವ ಬಾವುಟ’ ಎಂದು ಬಿಡಿಸುವುದೂ ಸಲ್ಲದು. ಹಾಗೆ ಬಿಡಿಸಿದರೆ ಸಮಾಸಕ್ಕೆ ಅರ್ಥ ಬರಬಹುದು, ಆಧಾರ ಬರುವುದಿಲ್ಲ. ಇದು ಸಂಸ್ಕೃತದ ‘ಪಾಲಿ’. ಅಮರಕೋಶ ಅದಕ್ಕೆ ಮೂರು ಅರ್ಥ ಕೊಡುತ್ತದೆ: ಅಂಚು, ಅಂಕ, ಪಂಕ್ತಿ. ಕಿವಿಯ ಹಾಲೆಗೆ ವೈದ್ಯಗ್ರಂಥಗಳು ಕರ್ಣಪಾಲಿ ಎನ್ನುವುದು ಅಂಚಿನ ಅರ್ಥದಿಂದ. ಬೌದ್ಧರ ಧರ್ಮಗ್ರಂಥದ ಭಾಷೆಗೆ ಪಾಳಿ ಎಂಬ ಹೆಸರು ಬಂದದ್ದು ಪಂಕ್ತಿಯ ಅರ್ಥದಿಂದ. ಮೂಲಗ್ರಂಥದ ಸಾಲು ಪಾಳಿ. ಆ ಸಾಲುಗಳ ಭಾಷೆ ಪಾಳಿಭಾಷೆ. ಹಾಗಾದರೆ ನಮ್ಮ ಪಾಳಿಧ್ವಜ ಯಾವುದು? ಅಂಚುಕಟ್ಟಿದ ಬಾವುಟವೋ, ಅಂಕಿತವಿದ್ದ ಬಾವುಟವೋ, ಸಾಲುಬಾವುಟವೋ?

ಇದನ್ನು ಬಿಡಿಸಿದವರು ಕೆ.ಬಿ. ಪಾಠಕ್. ಕವಿರಾಜಮಾರ್ಗವನ್ನು 1898ರಲ್ಲಿ ಮೊದಲು ಅಚ್ಚಿಗೆ ತಂದ ಅದೇ ವಿದ್ವಾಂಸರು. 1885ರ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅವರು ಬರೆದ ಪುಟ್ಟ ಲೇಖನ ಪಾಳಿಧ್ವಜ ಎಂಬ ಈ ಒಂದೇ ಪದದ ಮೇಲೆ. ಅವರಿಗೆ ಬೆಳಕು ಸಿಕ್ಕಿದ್ದು ಶಾಸನಗಳಲ್ಲಿ ಅಲ್ಲ, ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ. ಜಿನಸೇನರು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವರು, ಅವನಿಗೆ ಗುರುವಾಗಿದ್ದವರು. ಅರಮನೆಯ ಬಾವುಟವನ್ನು ಕಣ್ಣಾರೆ ಕಂಡಿರಬಹುದಾದ ಕವಿ. ತೀರ್ಥಂಕರರ ಧರ್ಮಸಭೆಯಾದ ಸಮವಸರಣವನ್ನು ವರ್ಣಿಸುವಾಗ ಅವರು ಧ್ವಜಗಳ ಒಂದು ವಲಯವನ್ನು ಚಿತ್ರಿಸುತ್ತಾರೆ. ಹೂಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಆನೆ, ಚಕ್ರ ಎಂದು ಹತ್ತು ಬಗೆಯ ಗುರುತುಗಳು. ಒಂದೊಂದು ಗುರುತಿನವೂ ಒಂದೊಂದು ದಿಕ್ಕಿಗೆ 108. ಒಂದು ದಿಕ್ಕಿಗೆ 1,080, ನಾಲ್ಕು ದಿಕ್ಕಿಗೆ 4,320. ಈ ಬಾವುಟಗಳನ್ನು ಜಿನಸೇನರು ಕರೆಯುವ ಹೆಸರು ‘ಪಾಲಿಕೇತನ’. ಕೇತನ ಎಂದರೂ ಧ್ವಜವೇ.

ಅಲ್ಲಿಗೆ ಗಂಟು ಬಿಚ್ಚಿತು. ಪಾಳಿಧ್ವಜ ಒಂದು ಬಾವುಟವಲ್ಲ, ಬಾವುಟಗಳ ಸಾಲು. ಏಕವಚನದ ಹೆಸರಿನಲ್ಲಿ ಒಂದು ಕೂಟ. ಇಂಥ ಹೆಸರು ಶಾಸನಗಳಿಗೆ ಹೊಸದೇನಲ್ಲ. ‘ಪಂಚಮಹಾಶಬ್ದ’ವೂ ಹಾಗೆಯೇ, ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳ ಕೂಟ ಅದೆಂದು ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿ ತಿಳಿಸುತ್ತದೆ. ಶಾಸನದ ಕಗ್ಗಂಟನ್ನು ಮಠದ, ಬಸದಿಯ ಗ್ರಂಥ ಬಿಡಿಸುವ ಈ ರೀತಿ ನನಗೆ ಬಹಳ ಪ್ರಿಯವಾದದ್ದು. ಕಲ್ಲು, ತಾಮ್ರಗಳನ್ನಷ್ಟೇ ಓದಿ ತಾಳೆಗರಿಯನ್ನು ಬಿಟ್ಟಿದ್ದರೆ ಪಾಳಿಧ್ವಜ ಇಂದಿಗೂ ಒಂದು ಒಗಟಾಗಿಯೇ ಉಳಿಯುತ್ತಿತ್ತು.

ಆ ಹತ್ತು ಗುರುತುಗಳನ್ನು ನೋಡುವಾಗ ನನಗೆ ಹೊಳೆಯುವ ಒಂದು ಮಾತಿದೆ. ವೃಷಭ ಪಲ್ಲವರದು, ಆನೆ ಗಂಗರದು, ಸಿಂಹ ಕದಂಬರದು, ಗರುಡ ರಾಷ್ಟ್ರಕೂಟರದು. ಸಾಮಂತ ಮನೆತನಗಳಿಗೆ ಒಂದೊಂದೇ ಬಾವುಟ: ಸವದತ್ತಿಯ ರಟ್ಟರಿಗೆ ಸುವರ್ಣಗರುಡಧ್ವಜ, ಹಾನಗಲ್ಲು ಗೋವೆಗಳ ಕದಂಬರಿಗೆ ವಾನರಧ್ವಜ, ಕಳಚುರಿಗಳಿಗೆ ಸುವರ್ಣವೃಷಭಧ್ವಜ. ಎಲ್ಲ ಗುರುತುಗಳನ್ನೂ ಸಾಲಾಗಿ ನಿಲ್ಲಿಸುವ ಹಕ್ಕು ಎಲ್ಲರ ಮೇಲಿನವನಿಗೆ ಮಾತ್ರ ಇದ್ದಿರಬೇಕು. ಪಾಳಿಧ್ವಜವನ್ನು ಚಾಲುಕ್ಯರು ಪರಮೈಶ್ವರ್ಯದ ಮೊದಲ ಚಿಹ್ನೆಯೆಂದು ಎಣಿಸಿದ್ದಕ್ಕೆ ಇದೇ ಕಾರಣ ಎಂದು ನನ್ನ ಊಹೆ. ಪಾಳಿಧ್ವಜವನ್ನು ಚಾಲುಕ್ಯರ ವರಾಹದೊಂದಿಗೆ ಬೆರೆಸಬಾರದು. ವರಾಹ ಲಾಂಛನ, ತಾಮ್ರಪಟದ ಮುದ್ರೆಯ ಮೇಲೆ ಒತ್ತುವ ಗುರುತು. ಧ್ವಜ ಬೇರೆ, ಲಾಂಛನ ಬೇರೆ ಎಂದು ಶಾಸನತಜ್ಞ ಫ್ಲೀಟ್ ಒತ್ತಿ ಹೇಳಿದ್ದರು. ಪಠ್ಯಪುಸ್ತಕಗಳಲ್ಲಿ ಈ ಎರಡೂ ಇಂದಿಗೂ ಕಲಸಿಹೋಗಿರುತ್ತವೆ.

ಬಾವುಟಕ್ಕೆ ಹಳಗನ್ನಡದಲ್ಲಿ ಹೆಸರುಗಳ ಬರ ಇರಲಿಲ್ಲ. ಪತಾಕೆಯ ತದ್ಭವ ಪಳಯಿಗೆ, ಅದೇ ಮುಂದೆ ಕುಮಾರವ್ಯಾಸನಲ್ಲಿ ಹಳವಿಗೆ. ಟೆಕ್ಕೆಯ ಇದೆ. ‘ಗುಡಿತೋರಣ’ ಎನ್ನುವಾಗಿನ ಗುಡಿ ದೇವಾಲಯವಲ್ಲ, ಬಾವುಟ. ಇವು ಯಾರ ಬಾವುಟಕ್ಕೂ ಸಲ್ಲುವ ಪದಗಳು. ಪಾಳಿಧ್ವಜ ಮಾತ್ರ ಸಾರ್ವಭೌಮನದು.

ಸಾರ್ವಭೌಮತ್ವ ಒಂದೇ ಮನೆಯಲ್ಲಿ ಉಳಿಯಲಿಲ್ಲ. ವಕ್ಕಲೇರಿ ತಾಮ್ರಪಟಗಳ ಕಾಲ ಶಕ 679, ಎಂದರೆ 757. ಕೋಲಾರ ಜಿಲ್ಲೆಯಲ್ಲಿ ಸಿಕ್ಕ ಈ ಪಟಗಳನ್ನು ಕೀರ್ತಿವರ್ಮ ಭೀಮಾ ನದಿಯ ಉತ್ತರ ದಡದ ಬೀಡಿನಿಂದ ಹೊರಡಿಸಿದ್ದ. ಮುತ್ತಜ್ಜ ಗೆದ್ದ ಪಾಳಿಧ್ವಜದ ಹೆಮ್ಮೆಯನ್ನು ಅವನ ಲಿಪಿಕಾರ ಅಲ್ಲಿಯೂ ಚಾಚೂ ತಪ್ಪದೆ ಬರೆದ. ಆದರೆ ಆ ಹೊತ್ತಿಗಾಗಲೇ ರಾಷ್ಟ್ರಕೂಟ ದಂತಿದುರ್ಗ ನಾಡಿನ ಬಹುಭಾಗವನ್ನು ಕಸಿದುಕೊಂಡಿದ್ದ. ಮುಂದೆ ಬಂದ ಕೃಷ್ಣ ಚಾಲುಕ್ಯರ ಮಹಾವರಾಹವನ್ನು ಜಿಂಕೆಯಾಗಿಸಿದ ಎಂದು ರಾಷ್ಟ್ರಕೂಟ ಕವಿ ಬರೆದ. ಕೃಷ್ಣನ ಮಗ ಧ್ರುವನೂ ಉತ್ತರಕ್ಕೆ ಹೋದ. ಗಂಗೆ ಯಮುನೆಗಳ ನಡುನಾಡಿನಲ್ಲಿ ಗೌಡದೇಶದ ಅರಸನ ಬೆಳ್ಗೊಡೆಗಳನ್ನು ಕಿತ್ತ. ಅವನ ಮಗ ಮೂರನೆಯ ಗೋವಿಂದನ ನೇಸರಿ ತಾಮ್ರಪಟ, 805ರದು, ಗೆದ್ದ ಗುರುತುಗಳ ದೊಡ್ಡ ಪಟ್ಟಿಯನ್ನೇ ಕೊಡುತ್ತದೆ: ಪಾಂಡ್ಯನಿಂದ ಮೀನು, ಪಲ್ಲವನಿಂದ ವೃಷಭ, ಚೋಳನಿಂದ ಹುಲಿ, ಗಂಗನಿಂದ ಆನೆ, ಕೇರಳನಿಂದ ಬಿಲ್ಲು, ಬಂಗಾಳದ ಧರ್ಮಪಾಲನಿಂದ ತಾರಾ ಭಗವತಿ. ಆಗ ರಾಷ್ಟ್ರಕೂಟರ ಬಿರುದುಗಳಲ್ಲಿ ‘ಓಕಕೇತು’ ಎಂಬ ಬಾವುಟದ ಪಕ್ಕದಲ್ಲೇ ಪಾಳಿಧ್ವಜ ಕಾಣಿಸಿಕೊಳ್ಳುತ್ತದೆ. ಚಾಲುಕ್ಯರು ಉತ್ತರದಿಂದ ಗೆದ್ದು ತಂದದ್ದು ಈಗ ಚಾಲುಕ್ಯರನ್ನು ಗೆದ್ದವರ ಮನೆಯಲ್ಲಿದೆ. ಇದೇ ಮನೆಯ ನೆರಳಿನಲ್ಲಿ ಕೂತು ಜಿನಸೇನರು ಪಾಲಿಕೇತನವನ್ನು ವರ್ಣಿಸಿದರು.

ಪದದ ಬಾಳಿನಲ್ಲಿ ಅತ್ಯಂತ ಬೆರಗಿನ ಅಧ್ಯಾಯ ಇನ್ನು ಮುಂದಿನದು. ಅದು ನಡೆದದ್ದು ಕನ್ನಡ ನಾಡಿನಲ್ಲಲ್ಲ, ಕೃಷ್ಣಾ ಗೋದಾವರಿಗಳ ನಡುವಿನ ವೆಂಗಿಯಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಆಳಿದ ಪೂರ್ವ ಚಾಲುಕ್ಯ ವಿಮಲಾದಿತ್ಯ, ಅವನ ಮಗ ರಾಜರಾಜ ನರೇಂದ್ರ (ನನ್ನಯನಿಂದ ತೆಲುಗು ಭಾರತ ಬರೆಸಿದವನು) ತಮ್ಮ ತಾಮ್ರಪಟಗಳಲ್ಲಿ ವಂಶದ ಕಥೆಯೊಂದನ್ನು ಹೇಳಿಸಿದರು. ಅಯೋಧ್ಯೆಯಲ್ಲಿ ಆಳಿದ ವಂಶದ ವಿಜಯಾದಿತ್ಯನೆಂಬವನು ದಕ್ಷಿಣವನ್ನು ಗೆಲ್ಲಲು ಬಂದು ತ್ರಿಲೋಚನ ಪಲ್ಲವನೊಂದಿಗೆ ಕಾದಿ ಮಡಿದ. ಬಸುರಿ ರಾಣಿ ಪುರೋಹಿತನನ್ನೂ ಮುದಿ ಮಂತ್ರಿಗಳನ್ನೂ ಕಟ್ಟಿಕೊಂಡು ಮುಡಿವೇಮು ಎಂಬ ಅಗ್ರಹಾರಕ್ಕೆ ಓಡಿಬಂದಳು. ಅಲ್ಲಿ ವಿಷ್ಣುಭಟ್ಟ ಸೋಮಯಾಜಿ ಅವಳನ್ನು ಮಗಳಂತೆ ಕಾಪಾಡಿದ. ಹುಟ್ಟಿದ ಮಗನಿಗೆ ವಿಷ್ಣುವರ್ಧನನೆಂದು ಹೆಸರಾಯಿತು. ಬೆಳೆದ ಮಗನಿಗೆ ತಾಯಿ ನಡೆದದ್ದೆಲ್ಲವನ್ನೂ ಹೇಳಿದಳು. ಅವನು ಚಾಲುಕ್ಯಗಿರಿಗೆ ಹೋಗಿ ನಂದಾಭಗವತಿ ಗೌರಿಯನ್ನು ಆರಾಧಿಸಿ, ಕುಮಾರ, ನಾರಾಯಣ, ಮಾತೃಗಣವನ್ನು ತಣಿಸಿ, ಬೆಳ್ಗೊಡೆ, ಶಂಖ, ಪಂಚಮಹಾಶಬ್ದ, ಪಾಲಿಕೇತನ, ಪ್ರತಿಢಕ್ಕೆ, ವರಾಹಲಾಂಛನ, ನವಿಲುಗರಿ, ಕುಂತ, ಸಿಂಹಾಸನ, ಮಕರತೋರಣ, ಕನಕದಂಡ, ಗಂಗೆ ಯಮುನೆ ಮೊದಲಾದ ಸಾಮ್ರಾಜ್ಯದ ಚಿಹ್ನೆಗಳನ್ನು ಕೈಗೆತ್ತಿಕೊಂಡ. ಅವು ಅವನ ಕುಲಕ್ರಮದಲ್ಲಿ ಬಂದವು, ಅಲ್ಲಿ ಠೇವಣಿಯಿಟ್ಟಂತೆ ಇದ್ದವು ಎಂದು ಶಾಸನ ಹೇಳುತ್ತದೆ.

ಸೋತ ಮನೆ, ತಲೆತಪ್ಪಿಸಿಕೊಂಡ ತಾಯಿ, ಬಚ್ಚಿಟ್ಟ ಬಾವುಟ, ಅದನ್ನು ಎತ್ತಿಕೊಂಡು ಹೊರಟ ಮಗ. ಕಥೆ ಸೊಗಸಾಗಿದೆ. ಇದು ಇತಿಹಾಸವಲ್ಲ ಎಂದು ಇತಿಹಾಸಕಾರರು ಎಂದೋ ಹೇಳಿದ್ದಾರೆ. ಆದರೆ ಅದು ಇತಿಹಾಸವಲ್ಲ ಎಂಬುದಕ್ಕೆ ಅದರೊಳಗಿನ ಪಾಲಿಕೇತನ ಎಂಬ ಒಂದೇ ಪದ ಒಳ್ಳೆಯ ಸಾಕ್ಷಿ. ವೆಂಗಿಯ ವಂಶವನ್ನು ನೆಟ್ಟವನು ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ, ಸುಮಾರು 624ರಲ್ಲಿ. ಬಾದಾಮಿಯ ಕವಲಿಗೆ ಪಾಳಿಧ್ವಜ ದೊರೆತದ್ದು ವಿನಯಾದಿತ್ಯನ ಆಳ್ವಿಕೆಯಲ್ಲಿ, ಎರಡು ಕವಲು ಬೇರೆಯಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ದಾಯಾದಿಗಳು ಹಿಸ್ಸೆಯಾದ ಮೇಲೆ ಒಬ್ಬನ ಮೊಮ್ಮಗ ಗಳಿಸಿದ್ದನ್ನು ಇನ್ನೊಬ್ಬನ ವಂಶ ‘ನಮ್ಮ ಹಿರಿಯರಿಂದ ಬಂದದ್ದು’ ಎಂದು ಬರೆಸಿದೆ. ಅಷ್ಟೇ ಅಲ್ಲ, ಅದನ್ನು ಇಬ್ಬರಿಗೂ ಮೊದಲಿನ ಮೂಲಪುರುಷನ ಕೈಗೇ ಇಟ್ಟಿದೆ. ಗಂಗೆ ಯಮುನೆ, ಪಾಳಿಧ್ವಜ, ಢಕ್ಕೆ: ವಿಜಯಾದಿತ್ಯ ತಂದೆಗೆ ಒಪ್ಪಿಸಿದ ಪಟ್ಟಿಯ ಮುಖ್ಯ ವಸ್ತುಗಳೆಲ್ಲ ಇಲ್ಲಿಯೂ ಇವೆ. ಗೆದ್ದದ್ದು ಎಂಬ ನೆನಪು ಮಾತ್ರ ಇಲ್ಲ. ಕಲ್ಯಾಣದ ಚಾಲುಕ್ಯರದೂ ಇದೇ ದಾರಿ. ತೈಲಪ 973ರಲ್ಲಿ ರಾಷ್ಟ್ರಕೂಟರಿಂದ ರಾಜ್ಯವನ್ನು ಮರಳಿ ಕಿತ್ತ ಮೇಲೆ ಬಂದ ಕೌಠೇಂ ತಾಮ್ರಪಟದಲ್ಲಿ ಬೆಳ್ಗೊಡೆ ಕೌಶಿಕಿಯ ಪ್ರಸಾದ, ನವಿಲುಗರಿ ಮತ್ತು ಕುಂತದ ಧ್ವಜ ಕಾರ್ತಿಕೇಯನ ವರ. ಕಾಳಗದಲ್ಲಿ ಸಿಕ್ಕದ್ದು ಮೊದಲು ಪಿತ್ರಾರ್ಜಿತವಾಯಿತು, ಆಮೇಲೆ ದೈವದತ್ತವಾಯಿತು. ಸುಮಾರು ಮೂರು ಶತಮಾನ ಅದಕ್ಕೆ ಸಾಕಾಯಿತು.

ವೆಂಗಿಯವರು ಸುಳ್ಳು ಹೇಳಿದರು ಎನ್ನುವ ಧೈರ್ಯ ನನಗಿಲ್ಲ. ಪಾಳಿಧ್ವಜ ಅಷ್ಟು ಹೊತ್ತಿಗೆ ಯಾವುದೋ ಒಂದು ಯುದ್ಧದ ಬಾವುಟವಾಗಿ ಉಳಿದಿರಲಿಲ್ಲ. ಸಾರ್ವಭೌಮನೆನಿಸಿಕೊಂಡ ಯಾರಿಗೂ ಇರಲೇಬೇಕಾದ ಲಕ್ಷಣವಾಗಿತ್ತು. ವಸ್ತು ಮರೆಯಾಗಿ ಪದ ಉಳಿದಾಗ ಹೀಗಾಗುತ್ತದೆ. ಆದರೂ ಸೆರೆಸಿಕ್ಕು ಒಂಟಿಯಾಗಿ ತಪ್ಪಿಸಿಕೊಂಡು ಬಂದ ಯುವರಾಜನ ಹೆಸರು ಆ ಪದದಿಂದ ಅಳಿಸಿಹೋದದ್ದು ನನಗೆ ನೋವಿನ ಸಂಗತಿ. ಕಥೆಯಲ್ಲಿ ಮಡಿದವನ ಹೆಸರೂ ವಿಜಯಾದಿತ್ಯನೇ ಎಂಬುದು ಕಾಕತಾಳೀಯವಿರಬಹುದು.

ಸಾಮ್ರಾಜ್ಯಗಳು ಹೋದ ಮೇಲೆ ಪಾಳಿಧ್ವಜ ಎಂಬ ಸಮಾಸ ವಿದ್ವಾಂಸರ ಸ್ವತ್ತಾಯಿತು. ಅದರ ಮೊದಲ ತುಂಡು ಮಾತ್ರ ಬೀದಿಯಲ್ಲಿ ಬದುಕಿಕೊಂಡಿತು. ಸಾಲು ಎಂಬ ಅರ್ಥದಿಂದ ಸರದಿ ಎಂಬ ಅರ್ಥಕ್ಕೆ ದಾಟುವುದು ಸುಲಭ: ಸಾಲಿನಲ್ಲಿ ನಿಂತವನಿಗೆ ತನ್ನ ಸರದಿ ಬರುತ್ತದೆ. ಧಾರವಾಡ, ಬೆಳಗಾವಿ, ಕಲಬುರಗಿಯ ಕಡೆ ಇಂದಿಗೂ ಬೀಜ ಗೊಬ್ಬರಕ್ಕೆ ರೈತರು ‘ಪಾಳಿ ಹಚ್ಚಿ’ ನಿಲ್ಲುತ್ತಾರೆ, ಅದು ಸಾಲು. ‘ನನ್ನ ಪಾಳಿ ಬಂತು’ ಎನ್ನುತ್ತಾರೆ, ಅದು ಸರದಿ. ಮನೆತನದವರು ನಡೆಸುವ ಗುಡಿಗಳಲ್ಲಿ ಅಣ್ಣತಮ್ಮಂದಿರ ನಡುವೆ ಪೂಜೆಯ ಪಾಳಿ ತಿರುಗುತ್ತದೆ. ಕಾಲುವೆಯ ನೀರಿಗೆ ಪಾಳಿ ಇದೆ. ಗಿರಣಿಗಳು ಬಂದಾಗ ಹಗಲು ಪಾಳಿ, ರಾತ್ರಿ ಪಾಳಿ ಹುಟ್ಟಿದವು. ಮರಾಠಿಯಲ್ಲೂ ರಾತ್ರಪಾಳಿ, ಹಿಂದಿಯಲ್ಲೂ ಪಾಲಿ. ಶಾಲೆ ಎರಡು ಪಾಳಿಯಲ್ಲಿ ನಡೆಯುತ್ತದೆ, ದಾದಿಯರು ಮೂರು ಪಾಳಿಯಲ್ಲಿ ದುಡಿಯುತ್ತಾರೆ. ಸರದಿ ಎಂಬ ಈ ಎರಡನೆಯ ಅರ್ಥವನ್ನು ಕೈಯಲ್ಲಿಟ್ಟುಕೊಂಡು ಹಳೆಯ ಬಾವುಟವನ್ನು ನೋಡಿದರೆ, ಅದು ಉತ್ತರದವನಿಂದ ಚಾಲುಕ್ಯನಿಗೆ, ಚಾಲುಕ್ಯನಿಂದ ರಾಷ್ಟ್ರಕೂಟನಿಗೆ ಹೋದದ್ದೂ ಒಂದು ಪಾಳಿಯೇ ಅನಿಸುತ್ತದೆ. ಆದರೆ ಶಾಸನದ ಪದಕ್ಕೆ ಆ ಅರ್ಥ ಹಚ್ಚಬಾರದು. ಅಲ್ಲಿ ಅದು ಸಾಲು, ಕೇವಲ ಸಾಲು.

ಆದ್ದರಿಂದ ಚಾಲುಕ್ಯರ ಬಗ್ಗೆ ಬರೆಯುವವರಲ್ಲಿ, ಪಾಠ ಹೇಳುವವರಲ್ಲಿ ಒಂದು ವಿನಂತಿ. ‘ಚಾಲುಕ್ಯರ ಧ್ವಜ ಪಾಳಿಧ್ವಜ, ಲಾಂಛನ ವರಾಹ’ ಎಂದು ಒಂದು ಸಾಲಿನಲ್ಲಿ ಮುಗಿಸಬೇಡಿ. ಅದು ಸಾಲುಬಾವುಟ, ಅದನ್ನು ಕಾಳಗದಲ್ಲಿ ಕಿತ್ತು ತಂದವನು ಯುವರಾಜ ವಿಜಯಾದಿತ್ಯ, ತಂದುದಕ್ಕೆ ಅವನು ಸೆರೆಯ ಬೆಲೆ ತೆತ್ತ ಎಂಬಷ್ಟನ್ನಾದರೂ ಸೇರಿಸಿ. ಹಾಗೆಯೇ ನಿಮ್ಮೂರಿನಲ್ಲಿ ಪಾಳಿ ಎಂಬ ಮಾತಿಗೆ ಸಾಲು, ಸರದಿ, ಹೊತ್ತು ಎಂಬ ಮೂರಕ್ಕಿಂತ ಬೇರೆ ಬಳಕೆ ಇದ್ದರೆ ಹಿರಿಯರನ್ನು ಕೇಳಿ ಬರೆದಿಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೂ ಸಿಕ್ಕದ ಪ್ರಯೋಗಗಳು ಹೊಲ, ಗುಡಿ, ಗಿರಣಿಗಳಲ್ಲಿ ಇನ್ನೂ ಇವೆ.